ಅನುಕರಣೆಯ ಗಿಟಾರ್, ಅಸಲಿ ತಂತಿ

ಒಂದೇ ಗಿಟಾರ್‌ನಲ್ಲಿ ಸ್ಟ್ರಾಟೊಕಾಸ್ಟರ್, ಲೆಸ್ ಪಾಲ್, ಅಕೌಸ್ಟಿಕ್ ಎಲ್ಲವೂ ಸಿಗುವುದಾದರೆ ಯಾವ ತಂತಿ ಕಟ್ಟಿದರೇನು ಎಂದು ಕೇಳುವವರಿದ್ದಾರೆ. ಹೀಗೆ ಬೇರೆ ಗಿಟಾರ್‌ಗಳ ದನಿಯನ್ನು ಅನುಕರಿಸುವ ಮಾಡೆಲಿಂಗ್ ಗಿಟಾರ್ ಬೆಳೆದು ಬಂದ ದಾರಿ ನೋಡಿದರೆ ನಡೆದದ್ದು ತಿರುವುಮುರುವು: ಯಂತ್ರ ಸೂಕ್ಷ್ಮವಾದಷ್ಟೂ ತಂತಿಯ ಗುಣ ಹೆಚ್ಚು ಕೇಳಿಸತೊಡಗಿತು.

ಇದರ ಹಿಂದಿನ ತಲೆಮಾರು ಗಿಟಾರ್ ಸಿಂಥಸೈಜರ್. ರೋಲ್ಯಾಂಡ್ 1977ರಲ್ಲಿ ಜಿಆರ್-500 ತಂದಿತು. ಮುಂದೆ ಹರಡಿದ ಸಿಂಥ್‌ಗಳಲ್ಲಿ ತಂತಿ ಯಾವ ಸ್ವರ ನುಡಿಯಿತೆಂದು ಯಂತ್ರ ಗುರುತಿಸಿಕೊಳ್ಳುತ್ತಿತ್ತು, ನಾದ ಮಾತ್ರ ಬೇರೆಡೆ ಹುಟ್ಟುತ್ತಿತ್ತು. ಆರನೇ ತಂತಿ ಸೆಕೆಂಡಿಗೆ ಸುಮಾರು 82 ಸಲ ಕಂಪಿಸುತ್ತದೆ. ಒಂದು ಸುತ್ತಿಗೇ 12 ಮಿಲಿಸೆಕೆಂಡ್ ಬೇಕು. ಮಂದ್ರ ಸ್ವರಗಳು ತಡವರಿಸಿದ್ದು ಅದಕ್ಕೇ. ತಂತಿಯಿಂದ ಬೇಕಾಗಿದ್ದುದು ಸ್ಪಷ್ಟವಾದ ಮೂಲಸ್ವರವಷ್ಟೇ. ಅದರ ಬಣ್ಣ ಯಾರಿಗೂ ಬೇಕಿರಲಿಲ್ಲ.

ಬದಲಾವಣೆ ಬಂದದ್ದು 1995ರಲ್ಲಿ, ರೋಲ್ಯಾಂಡ್‌ನದೇ ವಿಜಿ-8ರ ಜೊತೆ. ಅದು ತಂತಿಯ ಕಂಪನವನ್ನೇ ಕಚ್ಚಾವಸ್ತುವಾಗಿ ತೆಗೆದುಕೊಂಡು, ಅದರ ಮೇಲೆ ಬೇರೊಂದು ಗಿಟಾರ್‌ನ ಪಿಕಪ್ಪು, ಒಡಲುಗಳ ಲಕ್ಷಣವನ್ನು ಹೊದಿಸಿತು. ನನ್ನ ಮಟ್ಟಿಗೆ ಮಾಡೆಲಿಂಗ್‌ನ ನಿಜವಾದ ಆರಂಭ ಇದೇ. ಆದರೆ ಅದರ ಪಿಕಪ್ ಕಾಂತೀಯವಾದದ್ದು. ಕಂಚಿನ ಸುತ್ತಿರುವ ಅಕೌಸ್ಟಿಕ್ ತಂತಿ ಕಟ್ಟಿದರೆ ಒಳಗಿನ ಉಕ್ಕಿನ ಎಳೆ ಮಾತ್ರ ಅದಕ್ಕೆ ತಾಕುತ್ತದೆ, ಸುತ್ತಿದ ತಂತಿಗಳ ದನಿ ತಗ್ಗುತ್ತದೆ.

2003ರ ಹೊತ್ತಿಗೆ ಅಂಗಡಿಗೆ ಬಂದ ಲೈನ್ 6 ಕಂಪನಿಯ ವೇರಿಯಾಕ್ಸ್ ಆ ಕಟ್ಟನ್ನು ಬಿಚ್ಚಿತು. ಒಂದೊಂದು ತಂತಿ ಕೂರುವ ಸ್ಯಾಡಲ್‌ನಲ್ಲೂ ಒಂದು ಪೀಜೊ ಹರಳು. ಅದು ಅಳೆಯುವುದು ಒತ್ತಡವನ್ನು, ಕಾಂತತ್ವವನ್ನಲ್ಲ. ಹೀಗಾಗಿ ಶುದ್ಧ ನಿಕ್ಕಲ್ಲೋ ನಿಕ್ಕಲ್ ಲೇಪಿಸಿದ ಉಕ್ಕೋ ಎಂಬ ಹಳೆಯ ಚರ್ಚೆಯ ಕಾವು ಇಲ್ಲಿ ಅರ್ಧ ಇಳಿಯಿತು. ದಪ್ಪ, ಬಿಗುಪು, ಹೊಸತನ ಮುಂದೆ ಬಂದವು.

ಮೂರನೇ ತಂತಿಯನ್ನೇ ನೋಡಿ. ಎಲೆಕ್ಟ್ರಿಕ್‌ನ 10-46 ದಪ್ಪದ ಸೆಟ್‌ನಲ್ಲಿ ಜಿ ತಂತಿ ಸುತ್ತಿಲ್ಲದ ಬರಿಯ ಉಕ್ಕು, ದಪ್ಪ 0.017 ಇಂಚು. ಅಕೌಸ್ಟಿಕ್‌ನ 12-53 ಸೆಟ್‌ನಲ್ಲಿ ಅದೇ ಜಿ 0.024 ಇಂಚಿನ ಸುತ್ತಿದ ತಂತಿ. ಬರಿಯ ಉಕ್ಕಿನ ತಂತಿ ದಪ್ಪವಾದಷ್ಟೂ ಬಾಗಲು ಒಲ್ಲದು, ಅದರ ಮೇಲಿನ ಉಪಸ್ವರಗಳು ತುಸು ಏರಿ ನಿಲ್ಲುತ್ತವೆ. ಸುತ್ತಿದ ತಂತಿಗೆ ತೂಕವಿದ್ದೂ ಒಳಗಿನ ಎಳೆ ತೆಳು. ಎಲೆಕ್ಟ್ರಿಕ್ ಸೆಟ್ ಕಟ್ಟಿದ ವೇರಿಯಾಕ್ಸ್‌ನಲ್ಲಿ ಮಾರ್ಟಿನ್ ಅಕೌಸ್ಟಿಕ್‌ನ ಮಾದರಿ ಆರಿಸಿ ಕಾರ್ಡ್ ನುಡಿಸಿದರೆ ಮಿಕ್ಕ ತಂತಿಗಳು ಮರದ ಒಡಲಿನಿಂದ ಬಂದಂತಿದ್ದು, ಜಿ ಮಾತ್ರ ಎಲೆಕ್ಟ್ರಿಕ್ ಎಂದು ಸಾರುತ್ತದೆ. ಜಾಜ್ ವಾದಕರು ಬಳಸುವ, ಮೂರನೇ ತಂತಿಯೂ ಸುತ್ತಿರುವ 11ರ ಸೆಟ್ ಇಲ್ಲಿ ಬಹಳ ಉಪಕಾರಿ. ಆದರೆ ಆ ತಂತಿಯನ್ನು ಎಳೆದು ಬೆಂಡ್ ಮಾಡುವುದು ಕಷ್ಟ; ಬ್ಲೂಸ್ ನುಡಿಸುವವರು ಒಪ್ಪಲಾರರು.

ಟ್ಯೂನಿಂಗ್‌ನ ವಿಷಯದಲ್ಲೂ ಲೆಕ್ಕ ಬದಲಾಯಿತು. ಸಾಮಾನ್ಯ ಗಿಟಾರ್‌ನಲ್ಲಿ ಶ್ರುತಿ ಇಳಿಸಿದರೆ ತಂತಿ ಸಡಿಲ, ಅದಕ್ಕಾಗಿ ದಪ್ಪ ಸೆಟ್. ವೇರಿಯಾಕ್ಸ್‌ನಲ್ಲಿ ಶ್ರುತಿ ಇಳಿಯುವುದು ಲೆಕ್ಕಾಚಾರದೊಳಗೆ ಮಾತ್ರ. ಬೆರಳಿನ ಕೆಳಗಿನ ತಂತಿ ಇದ್ದ ಬಿಗಿಯಲ್ಲೇ ಇರುತ್ತದೆ. ಭಾರದ ರಿಫ್‌ಗೆಂದು ದಪ್ಪ ತಂತಿ ಹಾಕುವ ಅಗತ್ಯವೇ ಇಲ್ಲ. ಹಾಕಿದರೆ ಅದರ ಅಸಲಿ ದನಿಯೂ ಜೋರು. ಕೋಣೆಯಲ್ಲಿ ಆಂಪ್ ಮೆಲ್ಲಗಿದ್ದಾಗ ಕಿವಿಗೆ ಎರಡು ಶ್ರುತಿ ಒಟ್ಟಿಗೆ ಬೀಳುತ್ತವೆ.

2010ರ ಜೇಮ್ಸ್ ಟೈಲರ್ ವೇರಿಯಾಕ್ಸ್ ಪೀಜೊ ಜೊತೆಗೆ ಕಾಂತೀಯ ಪಿಕಪ್ಪುಗಳನ್ನೂ ಕೂರಿಸಿತು. ಈಗ ಒಂದೇ ಸೆಟ್ ಇಬ್ಬರು ಯಜಮಾನರನ್ನು ಮೆಚ್ಚಿಸಬೇಕು. ಪೂರ್ತಿ ಕಂಚಿನ ಸೆಟ್‌ನ ಆಸೆ ಮತ್ತೆ ದೂರವಾಯಿತು. ನಿಕ್ಕಲ್ ಲೇಪಿತ 10ರ ಸೆಟ್ ಬಹುಪಾಲು ಮಂದಿಗೆ ಸಾಕು.

ಇಷ್ಟರಲ್ಲಿ ಎಲ್ಲರೂ ಕಡೆಗಣಿಸುವುದು ತಂತಿಯ ವಯಸ್ಸನ್ನು. ಬೆವರು, ಕೊಳೆ ಸುತ್ತುಗಳ ಸಂದಿಗೆ ಇಳಿದಾಗ ಮೇಲಿನ ಉಪಸ್ವರಗಳು ಮೊದಲು ಸಾಯುತ್ತವೆ. ಡಿಸ್ಟಾರ್ಷನ್ ಹಾಕಿದ ಲೆಸ್ ಪಾಲ್ ಮಾದರಿಯಲ್ಲಿ ಅದು ಗೊತ್ತೇ ಆಗದು. ಅಕೌಸ್ಟಿಕ್‌ಗೆ, ಬ್ಯಾಂಜೊಗೆ, ಎಲೆಕ್ಟ್ರಿಕ್ ಸಿತಾರ್‌ಗೆ ಹೊರಳಿದೊಡನೆ ದನಿ ಮಂಕಾಗಿರುವುದು ಬಯಲಾಗುತ್ತದೆ. ಇಲ್ಲದ ಉಪಸ್ವರವನ್ನು ಯಂತ್ರ ಎತ್ತಿ ತೋರಿಸಲಾರದು, ಟ್ರೆಬಲ್ ಏರಿಸಿದರೆ ಸದ್ದಷ್ಟೇ ಏರುತ್ತದೆ. 1990ರ ದಶಕದಲ್ಲಿ ಎಲಿಕ್ಸರ್ ಜನಪ್ರಿಯಗೊಳಿಸಿದ ಲೇಪಿತ ತಂತಿ ಹೊಸದರಲ್ಲಿ ಕೊಂಚ ಮೆತ್ತಗೆ ನುಡಿದರೂ ಬಹುಕಾಲ ಒಂದೇ ಹದದಲ್ಲಿರುತ್ತದೆ. ಮಾದರಿಗಳನ್ನು ತಿದ್ದಿ ಉಳಿಸಿಟ್ಟುಕೊಳ್ಳುವ ವಾದಕರಿಗೆ ನಾನು ಅದನ್ನೇ ಸೂಚಿಸುವೆ: ಈ ತಿಂಗಳು ತಿದ್ದಿದ ದನಿ ಬರುವ ತಿಂಗಳ ಕಛೇರಿಯಲ್ಲೂ ಹೆಚ್ಚುಕಡಿಮೆ ಹಾಗೇ ಸಿಗುತ್ತದೆ.