ಮೂಲ ಮುದ್ರಿಕೆ ಇಲ್ಲದ ಹಾಡುಗಳು

ಇಂಗ್ಲೆಂಡಿನ ರೇಡಿಯೊಹೆಡ್ ತಂಡದ ‘ಓಕೆ ಕಂಪ್ಯೂಟರ್’ ಆಲ್ಬಮ್ ಬಂದದ್ದು 1997ರಲ್ಲಿ. ಕಾಲು ಶತಮಾನ ಕಳೆದರೂ ಅದನ್ನು ಕೇಳುವವರಿದ್ದಾರೆ. ಆಗ ಮುದ್ರಣವಾದ ಅದೇ ದನಿ, ಅದೇ ಗಿಟಾರು, ಅದೇ ಸಾಲಿನಲ್ಲಿ ಬರುವ 12 ಟ್ರ್ಯಾಕುಗಳು ಅಂದು ಹುಟ್ಟಿಯೇ ಇರದ ಹುಡುಗರ ಕಿವಿಗೂ ಬೀಳುತ್ತಿವೆ. ಆಲ್ಬಮ್ಮಿನ ಬಾಳಿಕೆ ಇರುವುದೇ ಹೀಗೆ: ಹಾಡು ಕದಲುವುದಿಲ್ಲ, ಕೇಳುಗರು ಬದಲಾಗುತ್ತಾರೆ. ಬೆಳಗಾವಿ ಜಿಲ್ಲೆಯ ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಸೀಮೆಯಲ್ಲಿ ಬಾಳಿಕೆಯ ಲೆಕ್ಕವೇ ಬೇರೆ. ನೂರು ವರ್ಷ ಎಂದೋ ದಾಟಿದ ಹಾಡುಗತೆಗಳು ಇಲ್ಲಿವೆ. ಅವುಗಳಿಗೆ ಮೂಲ ಮುದ್ರಿಕೆ ಎಂಬುದೇ ಇಲ್ಲ. ಲಾವಣಿ, ಸಣ್ಣಾಟ, ಚೌಡಿಕೆ, ಕಂಪನಿ ನಾಟಕ, ರೇಡಿಯೊ, ಸಿನಿಮಾ, ಕ್ಯಾಸೆಟ್ಟು, ರಾಕ್ ವೇದಿಕೆ ಎಂದು ಈ ನೆಲದ ಹಾಡುಗಾರಿಕೆ ನಡೆದು ಬಂದ ದಾರಿ ಉದ್ದ. ಒಂದೊಂದು ಹಂತವೂ ಏನು ಕೊಟ್ಟಿತು, ಏನು ಕಳೆಯಿತು ಎಂದು ನೋಡಿದರೆ ಈ ಹಾಡುಗಳು ಯಾಕೆ ಉಳಿದವು ಎಂಬುದು ತಿಳಿಯುತ್ತದೆ.

ಲಾವಣಿಯ ಕಾಲ

1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ನಡೆದ ಕಾಳಗದಲ್ಲಿ ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತ. ಡಿಸೆಂಬರಿನಲ್ಲಿ ಕೋಟೆ ಕಂಪನಿ ಸರಕಾರದ ಕೈಸೇರಿತು. ಕಿತ್ತೂರಿನ ರಾಣಿ ಚೆನ್ನಮ್ಮ ಬೈಲಹೊಂಗಲದ ಕೋಟೆಯಲ್ಲಿ ಸೆರೆಯಾಗಿದ್ದು 1829ರಲ್ಲಿ ತೀರಿಕೊಂಡಳು. ಊರ ಕಾವಲಿನ ಶೇತಸನದಿಯಾಗಿದ್ದ ಸಂಗೊಳ್ಳಿಯ ರಾಯಣ್ಣ ಆ ಬಳಿಕವೂ ಹೋರಾಡಿ, 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ. ಊರೂರಿಗೆ ಪತ್ರಿಕೆ ಬರದಿದ್ದ ಕಾಲವದು. ಈ ಸುದ್ದಿಯನ್ನು ಹಳ್ಳಿಗಳಿಗೆ ಮುಟ್ಟಿಸಿದವರು ಲಾವಣಿಕಾರರು. ಮುಂದೆ ನಿಂತ ಹಾಡುಗಾರ ಕತೆ ಎತ್ತುವುದು, ದಪ್ಪು, ತುಂತುಣಿ, ತಾಳ ಹಿಡಿದ ಹಿಮ್ಮೇಳ ಅದನ್ನು ಎತ್ತಿಕೊಂಡು ಮರಳಿ ಹಾಡುವುದು ಲಾವಣಿಯ ಕಟ್ಟು. ಸುದ್ದಿ ಹೇಳುವಾಗಲೇ ಅದಕ್ಕೊಂದು ತೀರ್ಪೂ ಸೇರಿಬಿಡುತ್ತಿತ್ತು. ಸರಕಾರದ ಕಡತದಲ್ಲಿ ಬಂಡುಕೋರನಾದವನು ಹಾಡಿನಲ್ಲಿ ವೀರನಾದ.

ಮುಂಬಯಿ ಸಿವಿಲ್ ಸರ್ವಿಸಿನ ಅಧಿಕಾರಿ, ಶಾಸನತಜ್ಞ ಜೆ.ಎಫ್. ಫ್ಲೀಟ್ ಇಂಥ ಲಾವಣಿಗಳನ್ನು ಬರೆದುಕೊಂಡು, 1880ರ ದಶಕದಲ್ಲಿ ‘ಇಂಡಿಯನ್ ಆಂಟಿಕ್ವರಿ’ಯಲ್ಲಿ ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ. ಸಂಗೊಳ್ಳಿ ರಾಯಣ್ಣನ ಹಾಡು, 1857ರಲ್ಲಿ ಬಂಡೆದ್ದ ಹಲಗಲಿ ಬೇಡರ ಹಾಡು, ಬೈಲಹೊಂಗಲದ ಸಂಗ್ಯಾನ ಕೊಲೆಯ ಹಾಡು ಅದರಲ್ಲಿದ್ದವು. ರಾಯಣ್ಣನನ್ನು ಗಲ್ಲಿಗೇರಿಸಿದ ಆಡಳಿತದ ವಾರಸುದಾರನೊಬ್ಬನೇ ಅವನ ಹಾಡನ್ನು ಅಚ್ಚಿಗೆ ಹಾಕಿದ ಎಂಬುದು ಇತಿಹಾಸದ ಕುಚೋದ್ಯ. ಆದರೆ ಫ್ಲೀಟನ ಪುಟಗಳು ಪಂಡಿತರ ಕಪಾಟು ಸೇರಿದವು. ಹಾಡು ತನ್ನ ಪಾಡಿಗೆ ಹಳ್ಳಿಯಲ್ಲಿ ನಡೆದಿತ್ತು.

ಸಂಗ್ಯಾ ಸತ್ತರೂ ಆಟ ನಿಲ್ಲಲಿಲ್ಲ

ಈ ಸೀಮೆಯ ಅತಿ ದೊಡ್ಡ ‘ಹಿಟ್’ ಯಾವುದು ಎಂದು ಕೇಳಿದರೆ ಉತ್ತರ ಒಂದೇ: ‘ಸಂಗ್ಯಾ ಬಾಳ್ಯಾ’. ಬೈಲಹೊಂಗಲದಲ್ಲಿ ನಡೆದ ಕೊಲೆಯೊಂದು ಅದರ ಬೇರು. ಉಳ್ಳವರ ಮನೆಯ ಸಂಗ್ಯಾ, ಅವನ ಜೀವದ ಗೆಳೆಯ ಬಾಳ್ಯಾ, ವ್ಯಾಪಾರಸ್ಥ ಈರಣ್ಣ, ಅವನ ಹೆಂಡತಿ ಗಂಗಿ, ನಡುವೆ ಮಾತು ಸಾಗಿಸುವ ಮುದುಕಿ ಪಾರವ್ವ. ಗಂಡ ವ್ಯಾಪಾರಕ್ಕೆ ಹೋದಾಗ ಕೂಡಿದ ಪ್ರೀತಿ ಬಯಲಾಗುತ್ತದೆ, ಹಣದಾಸೆಗೆ ಬಾಳ್ಯಾ ಗೆಳೆಯನನ್ನು ಹಿಡಿದುಕೊಡುತ್ತಾನೆ, ಸಂಗ್ಯಾ ಕೊಲೆಯಾಗುತ್ತಾನೆ.

ಲಾವಣಿಯಲ್ಲಿ ಈ ಕತೆಯನ್ನು ಒಬ್ಬನೇ ಹೇಳುತ್ತಿದ್ದ. ಬೈಲಹೊಂಗಲದ ಪತ್ತಾರ ಮಾಸ್ತರ ಅದನ್ನು ಸಣ್ಣಾಟವಾಗಿ ಕಟ್ಟಿದಾಗ ಎಲ್ಲರಿಗೂ ಬಾಯಿ ಬಂತು. ದೊಡ್ಡಾಟದಲ್ಲಿ ಕಿರೀಟ, ಭುಜಕೀರ್ತಿ ತೊಟ್ಟ ಪುರಾಣದ ಅರಸರು ಕುಣಿದರೆ, ಸಣ್ಣಾಟದಲ್ಲಿ ಧೋತರ, ರುಮಾಲು, ಇಳಕಲ್ಲ ಸೀರೆಯ ಊರ ಜನರೇ ನಿಂತರು. ಲಾವಣಿಯಲ್ಲಿ ಬರಿ ತಪ್ಪಿತಸ್ಥೆಯಾಗಿದ್ದ ಗಂಗಿ ಇಲ್ಲಿ ತನ್ನ ಆಸೆಯನ್ನು ತಾನೇ ಹಾಡುತ್ತಾಳೆ. ದ್ರೋಹ ಬಗೆಯುವ ಮುಂಚೆ ಬಾಳ್ಯಾ ತೂಗಾಡುವುದು ನೋಡುವವರ ಕಣ್ಣೆದುರಿಗೇ ನಡೆಯುತ್ತದೆ. ಪ್ರತಿ ಮಾತನ್ನೂ ಹಿಮ್ಮೇಳ ಎತ್ತಿಕೊಂಡು ಹಾಡುವುದರಿಂದ ಒಳ್ಳೆಯ ಸಾಲೊಂದು ಒಂದೇ ರಾತ್ರಿಯಲ್ಲಿ ಕೇಳುಗರಿಗೆ ಕಂಠಪಾಠವಾಗುತ್ತದೆ. ಬೆಳಗಾದ ಮೇಲೂ ತಪ್ಪು ಯಾರದು ಎಂಬ ವಾದ ಕಟ್ಟೆಯ ಮೇಲೆ ಮುಂದುವರಿಯುತ್ತದೆ. ಆಟ ತೀರ್ಪು ಕೊಡುವುದಿಲ್ಲ. ಅದನ್ನು ಊರಿಗೆ ಬಿಡುತ್ತದೆ. ‘ಸಂಗ್ಯಾ ಬಾಳ್ಯಾ’ದ ಆಯುಷ್ಯದ ಮೊದಲ ಕಾರಣ ಇದು.

ಘೋಡಗೇರಿಯ ಚಂದ್ರಶೇಖರ ಕಂಬಾರರು 1966ರಲ್ಲಿ ಈ ಆಟವನ್ನು ಸಂಪಾದಿಸಿ ಅಚ್ಚು ಹಾಕಿಸಿದರು. ಮುಂದೆ ಇದೇ ವಸ್ತುವಿನ ಮೇಲೆ ತಮ್ಮದೇ ನಾಟಕ ಬರೆದರು. ಅವರ ‘ಜೋಕುಮಾರಸ್ವಾಮಿ’ಯಂಥ ನಾಟಕಗಳ ಹಾಡು, ಕುಣಿತ, ಹಿಮ್ಮೇಳದ ಹಿಂದೆ ಇರುವುದು ಬಯಲಾಟದ ಈ ಪರಂಪರೆಯೇ. ನವ್ಯದ ಬಿಸಿಯಲ್ಲಿದ್ದ ಕನ್ನಡ ರಂಗಭೂಮಿ ಹಳ್ಳಿಯ ಆಟದಿಂದ ಕಲಿಯಬೇಕಾದದ್ದಿದೆ ಎಂದು ಒಪ್ಪಿಕೊಂಡದ್ದು ಹೀಗೆ.

ಗುಡ್ಡದ ಚೌಡಿಕೆ

ಸವದತ್ತಿಯ ಎಲ್ಲಮ್ಮನ ಗುಡ್ಡದಲ್ಲಿ ಹಾಡಿನ ಇನ್ನೊಂದು ಹೊಳೆ ಹರಿದಿದೆ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ, ದವನದ ಹುಣ್ಣಿಮೆಗೆ ಕರ್ನಾಟಕದವರಷ್ಟೇ ಅಲ್ಲ, ಮಹಾರಾಷ್ಟ್ರದವರೂ ತಂಡತಂಡವಾಗಿ ಬರುತ್ತಾರೆ. ಎಲ್ಲಮ್ಮನಿಗೆ ಮುಡಿಪಾದ ಜೋಗತಿಯರು, ಜೋಗಪ್ಪಗಳು ಚೌಡಿಕೆ ಎಂಬ ತಂತಿವಾದ್ಯ, ಶ್ರುತಿ, ತಾಳ ಹಿಡಿದು ಎಲ್ಲಮ್ಮನೇ ಆದ ರೇಣುಕೆ, ಅವಳ ಗಂಡ ಜಮದಗ್ನಿ, ಮಗ ಪರಶುರಾಮರ ಕತೆ ಹಾಡುತ್ತಾರೆ. ಕೂಡಿದ ಜನ ‘ಉಧೋ ಉಧೋ’ ಎಂದು ಓಗೊಡುತ್ತಾರೆ. ಗಂಡನ ಮಾತಿಗೆ ಮಗನ ಕೊಡಲಿಯಿಂದ ತಲೆ ಕಳೆದುಕೊಂಡ ತಾಯಿಯ ಕತೆಯನ್ನು ಸಮಾಜ ಅಂಚಿಗೆ ತಳ್ಳಿದವರ ಬಾಯಲ್ಲಿ ಕೇಳುವಾಗ ಅದರ ಭಾರ ಬೇರೆಯೇ.

ಈ ಹಾಡಿಗೆ ಅಂಟಿಕೊಂಡಿದ್ದ ದೇವದಾಸಿ ಪದ್ಧತಿಯನ್ನು ಕರ್ನಾಟಕ ಸರಕಾರ 1982ರ ಕಾಯ್ದೆಯಿಂದ ನಿಷೇಧಿಸಿತು. ಪದ್ಧತಿ ತೊಲಗಬೇಕಾದದ್ದೇ ಸರಿ. ಆಗ ಎದ್ದ ಪ್ರಶ್ನೆ, ಹಾಡನ್ನು ಹಾಡುವವರು ಯಾರು ಎಂಬುದು. ಉತ್ತರದ ಒಂದು ಪಾಲನ್ನು ಬಳ್ಳಾರಿ ಕಡೆಯ ಮಂಜಮ್ಮ ಜೋಗತಿ ಕೊಟ್ಟರು. 2019ರಲ್ಲಿ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಕರ್ನಾಟಕ ಸಂಗೀತದ ಟಿ.ಎಂ. ಕೃಷ್ಣ ಜೋಗಪ್ಪಗಳ ಜೊತೆ ಒಂದೇ ವೇದಿಕೆಯಲ್ಲಿ ಕೂತು ಹಾಡಿದರು. ಹರಕೆಯ ಹಾಡು ಕಲೆಯ ಹಾಡಾಗಿಯೂ ನಿಲ್ಲಬಲ್ಲದು ಎಂಬುದು ಇದರಿಂದ ಖಾತ್ರಿಯಾಯಿತು.

ಕಂಪನಿಯ ಪರದೆ, ಧಾರವಾಡದ ರೇಡಿಯೊ

ಸವದತ್ತಿ ತಾಲ್ಲೂಕಿನ ಏಣಗಿಯಲ್ಲಿ 1914ರಲ್ಲಿ ಹುಟ್ಟಿದ ಬಾಳಪ್ಪನವರು ಈ ಕತೆಯ ಮುಂದಿನ ಹಂತ. ಚಿಕ್ಕಂದಿನಲ್ಲಿ ಸ್ತ್ರೀಪಾತ್ರ ಮಾಡಿ ಹೆಸರಾದ ಅವರು ‘ಕಲಾವೈಭವ ನಾಟ್ಯ ಸಂಘ’ ಕಟ್ಟಿ ಊರೂರು ತಿರುಗಿದರು. ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಅವರು ಬಸವಣ್ಣನಾಗಿ ವಚನ ಹಾಡುವುದನ್ನು ಕೇಳಲಿಕ್ಕೆಂದೇ ಜನ ಗಾಡಿ ಕಟ್ಟಿ ಬರುತ್ತಿದ್ದರು. ಕಂಪನಿ ನಾಟಕ ಹಿಂದುಸ್ತಾನಿ ರಾಗಗಳನ್ನು ಹಳ್ಳಿಗೆ ತಂದಿತು, ಒಬ್ಬ ನಟನ ಕಂಠಕ್ಕೆ ಬೆಲೆ ತಂದಿತು. ಹಿಮ್ಮೇಳ ಮಾತ್ರ ಪರದೆಯ ಪಕ್ಕಕ್ಕೆ ಸರಿಯಿತು. ಓಗೊಡುತ್ತಿದ್ದ ಜನ ಟಿಕೆಟ್ ಕೊಂಡ ಪ್ರೇಕ್ಷಕರಾದರು. ಅವರಿಗೆ ಉಳಿದದ್ದು ‘ಒನ್ಸ್ ಮೋರ್’ ಕೂಗುವ ಹಕ್ಕು. ಬಾಳಪ್ಪನವರು 2017ರಲ್ಲಿ, ನೂರು ದಾಟಿದ ವಯಸ್ಸಿನಲ್ಲಿ ತೀರಿಕೊಂಡರು.

1950ರ ಜನವರಿಯಲ್ಲಿ ಶುರುವಾದ ಧಾರವಾಡ ಆಕಾಶವಾಣಿ ಈ ಭಾಗದ ಜಾನಪದವನ್ನು ಮೈಕಿನ ಮುಂದೆ ಕೂರಿಸಿತು. ಲಾವಣಿ ಹಾಡುವ ಗೀಗೀ ಮೇಳದವರು ಗಡಿಯಾರ ನೋಡಿ ಹಾಡಲು ಕಲಿತರು. ಗಂಡು ಹೆಚ್ಚೆನ್ನುವ ಹರದೇಶಿ, ಹೆಣ್ಣು ಹೆಚ್ಚೆನ್ನುವ ನಾಗೇಶಿ ಮೇಳಗಳ ಇಡೀ ರಾತ್ರಿಯ ಸವಾಲ್ ಜವಾಬು ನಿಮಿಷಗಳ ಲೆಕ್ಕಕ್ಕೆ ಇಳಿಯಿತು. ಬದಲಿಗೆ, ಒಂದು ಊರಿನ ಹಾಡುಗಾರ ಹತ್ತು ಜಿಲ್ಲೆಗೆ ಪರಿಚಿತನಾದ.

ಬೆಳ್ಳಿತೆರೆ, ಕ್ಯಾಸೆಟ್ಟು, ರಾಕ್

ಸಿನಿಮಾ ಈ ಸೀಮೆಗೆ ಮತ್ತೆ ಮತ್ತೆ ಬಂದದ್ದು ಗಮನಾರ್ಹ. 1961ರಲ್ಲಿ ಬಿ.ಆರ್. ಪಂತುಲು ಅವರ ‘ಕಿತ್ತೂರು ಚೆನ್ನಮ್ಮ’, ಬಿ. ಸರೋಜಾದೇವಿ ನಾಯಕಿ, 1992ರಲ್ಲಿ ಸುಂದರ ಕೃಷ್ಣ ಅರಸ್ ಅವರ ‘ಸಂಗ್ಯಾ ಬಾಳ್ಯಾ’, 2012ರಲ್ಲಿ ದರ್ಶನ್ ನಟಿಸಿದ ‘ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ’. ಲಾವಣಿ ಹಾಡಿದ ಕತೆಗಳಲ್ಲಿ ರಾಯಣ್ಣನದೂ ಸಂಗ್ಯಾನದೂ ನೂರಕ್ಕೂ ಹೆಚ್ಚು ವರ್ಷದ ನಂತರ ತೆರೆಗೆ ಬಂದವು. ಹಳ್ಳಿಯ ಆಟಗಾರರು ಇದರಿಂದ ಮೂಲೆಗುಂಪಾಗಲಿಲ್ಲ.

1980ರ ದಶಕದ ಕ್ಯಾಸೆಟ್ಟು ಹೆಚ್ಚು ಆಳಕ್ಕೆ ಇಳಿಯಿತು. ಜಾತ್ರೆಯ ಅಂಗಡಿಗಳಲ್ಲಿ ಕುಂಕುಮ, ಭಂಡಾರದ ಪಕ್ಕ ಎಲ್ಲಮ್ಮನ ಹಾಡಿನ ಕ್ಯಾಸೆಟ್ಟುಗಳು ಕೂತವು. 60 ಅಥವಾ 90 ನಿಮಿಷದಲ್ಲಿ ಕತೆ ಮುಗಿಯಬೇಕು, ಎರಡು ಬದಿಗೆ ಹಂಚಿಕೊಳ್ಳಬೇಕು. ನಿಧಾನವಾಗಿ ಬೆಳೆಯುವ ಭಾಗಗಳು ಬಿದ್ದುಹೋದವು, ತಟ್ಟನೆ ಹಿಡಿಯುವ ಪಲ್ಲವಿಗಳು ಉಳಿದವು. ಆದರೆ ಆ ಮೊದಲು ಗುಡ್ಡದಿಂದ ಇಳಿದ ಮೇಲೆ ನೆನಪಾಗಿ ಮಾತ್ರ ಇರುತ್ತಿದ್ದ ಹಾಡು ಟ್ರ್ಯಾಕ್ಟರಿನಲ್ಲಿ, ಚಹಾದಂಗಡಿಯಲ್ಲಿ, ಮಗ್ಗದ ಮನೆಯಲ್ಲಿ ದಿನವೂ ಕೇಳಿಸತೊಡಗಿತು.

ಕೊನೆಯ ತಿರುವು ಮೈಸೂರಿನ ರಘು ದೀಕ್ಷಿತ್ ಅವರದು. ಹಾವೇರಿ ಜಿಲ್ಲೆಯ ಶಿಶುನಾಳದ ಶರೀಫಜ್ಜನ (1819–1889) ತತ್ವಪದಗಳನ್ನು ಈ ತಾಲ್ಲೂಕುಗಳ ಭಜನಾ ಮೇಳಗಳು ಏಕತಾರಿ, ದಮ್ಮಡಿ ಹಿಡಿದು ಹಾಡುತ್ತಲೇ ಬಂದಿವೆ. ದೀಕ್ಷಿತರು 2008ರ ತಮ್ಮ ಮೊದಲ ಆಲ್ಬಮ್ಮಿನಲ್ಲಿ ಅವಕ್ಕೆ ಗಿಟಾರು, ಡ್ರಮ್ಮು ಕೂಡಿಸಿದರು. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ, 2011ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಕನ್ನಡದ ಹಾಡು ಮೊಳಗಿತು. ರೇಡಿಯೊಹೆಡ್ 1997ರಲ್ಲಿ ಹಾಡಿ ಹೆಸರಾದ ಉತ್ಸವವೂ ಅದೇ. ಕನ್ನಡ ತಿಳಿಯದ ಆ ಜನರನ್ನು ಹಿಡಿದದ್ದರಲ್ಲಿ ಭಜನೆಯ ಕಟ್ಟಿನ ಪಾಲೂ ಇದೆ: ಒಬ್ಬ ಎತ್ತುತ್ತಾನೆ, ಉಳಿದವರು ಕೂಡಿಕೊಳ್ಳುತ್ತಾರೆ.

ಉಳಿದದ್ದು ಯಾವುದರಿಂದ

ಈ ಎಲ್ಲ ಹಂತಗಳಲ್ಲಿ ಉದ್ದ ಕುಗ್ಗುತ್ತ ಬಂತು, ಹರವು ಹಿಗ್ಗುತ್ತ ಹೋಯಿತು. ಕತೆಗೆ ಅದರಿಂದ ಧಕ್ಕೆಯಾಗಲಿಲ್ಲ. ಹಾಡಿಗೆ ಧಕ್ಕೆಯಾದದ್ದು ಓಗೊಡುವವನಿಗೆ ಜಾಗ ತಪ್ಪಿದಾಗ ಮಾತ್ರ. ಆ ಜಾಗ ಸಿಕ್ಕಲ್ಲೆಲ್ಲ ಅದು ಮತ್ತೆ ಚಿಗುರಿದೆ. ಇವತ್ತಿನ ಜಾತ್ರೆಯಲ್ಲಿ ರಸಮಂಜರಿಯ ಸ್ಪೀಕರಿನ ಅಬ್ಬರದಲ್ಲಿ ಹಿಮ್ಮೇಳದ ದನಿ ಮುಳುಗುತ್ತದೆ. ಮೊಬೈಲಿನಲ್ಲಿ ಸಣ್ಣಾಟ ತುಣುಕುಗಳಾಗಿ ಸಿಗುತ್ತದೆ. ತುಣುಕಿನಲ್ಲಿ ಗಂಗಿಯ ಸಿಂಗಾರ ಸಿಗಬಹುದು, ಬಾಳ್ಯಾನ ತಳಮಳ ಸಿಗದು. ಅದು ನಡುರಾತ್ರಿಯ ತನಕ ಕಾದವರಿಗೆ ಮಾತ್ರ ತಿಳಿಯುವಂಥದ್ದು.

ಹಾಗಾಗಿ ಈಗ ಆಗಬೇಕಾದ ಕೆಲಸ ಸ್ಪಷ್ಟ. ಒಂದು ಸಣ್ಣಾಟವನ್ನು, ಒಂದು ಚೌಡಿಕೆ ಕತೆಯನ್ನು ಸಂಜೆಯಿಂದ ಬೆಳಗಿನ ತನಕ, ಹಿಮ್ಮೇಳ ಮತ್ತು ನೆರೆದ ಜನರ ದನಿ ಸಮೇತ, ಕತ್ತರಿಸದೆ ಮುದ್ರಿಸಿಡಬೇಕು. ರೇಡಿಯೊಹೆಡ್ ಆಲ್ಬಮ್ಮಿನಂತೆ ಅದನ್ನೇ ಕೊನೆಯ ಮಾತೆಂದು ತಿಳಿಯಬೇಕಿಲ್ಲ. ಬೈಲಹೊಂಗಲದ ಮುಂದಿನ ತಲೆಮಾರಿನ ಹುಡುಗರು ಅದನ್ನು ಕೇಳಿ, ತಿದ್ದಿ, ತಮ್ಮ ಕಾಲದ ಸಂಗ್ಯಾನನ್ನು ಹಾಡಿದರೆ ಆ ಮುದ್ರಣ ಸಾರ್ಥಕ.