ಯಾರ ಊಟದ ಹೊತ್ತಿಗೆ ಮೀಟಿಂಗ್?

ಪ್ರತಿ ವರ್ಷ ನವೆಂಬರ್ ಮೊದಲ ಭಾನುವಾರ ಅಮೆರಿಕದವರು ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸ್ತಾರೆ. ಮಾರನೇ ದಿನ ದೇವನಹಳ್ಳಿಯ ನಮ್ಮ ಮನೆಯಲ್ಲಿ ರಾತ್ರಿ ಒಂಬತ್ತರ ಸ್ಟ್ಯಾಂಡ್‌ಅಪ್ ಹತ್ತಕ್ಕೆ ಹೋಗುತ್ತೆ. ಮೀಟಿಂಗ್ ನಿಗದಿಯಾಗಿರೋದು ಕ್ಯಾಲಿಫೋರ್ನಿಯಾದ ಬೆಳಗ್ಗೆ ಎಂಟೂವರೆಗೆ. ಗೂಟ ಅಲ್ಲಿದೆ, ಹಗ್ಗದ ಈ ತುದಿಯಲ್ಲಿ ನಾವಿದ್ದೇವೆ.

ನಮ್ಮಜ್ಜಿಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿದ ಮೇಲೆ ಊಟ ತಡ ಆಗಬಾರದು. ಆದರೆ ಮೊಮ್ಮಗ ತಟ್ಟೆ ಮುಂದೆ ಕೂರದೆ ತಾನು ಉಣ್ಣಲ್ಲ ಅನ್ನೋದು ಅವಳ ಹಠ. ಕಾಲ್ ಮುಗಿಸಿಯೇ ಉಣ್ಣೋದು ನನ್ನ ಕೆಟ್ಟ ಅಭ್ಯಾಸ. ಹೋದ ನವೆಂಬರ್‌ನಲ್ಲಿ ಒಂದು ರಾತ್ರಿ ನಾನು ಹೆಡ್‌ಫೋನ್ ತೆಗೆದು ಈಚೆ ಬಂದಾಗ ಹತ್ತೂ ಇಪ್ಪತ್ತು. ಅಜ್ಜಿ ಬೆವೆತು, ಕೈ ನಡುಗುತ್ತಾ ಗೋಡೆಗೆ ಒರಗಿದ್ದಳು. ಸಕ್ಕರೆ ನೀರು ಕುಡಿಸಿದ ಮೇಲೆ ಸುಧಾರಿಸಿಕೊಂಡಳು. ಆಮೇಲೆ ಕೇಳಿದ ಪ್ರಶ್ನೆ ಒಂದೇ: "ಅವರೂರಲ್ಲಿ ಗಡಿಯಾರ ತಿರುಗಿಸಿದ್ರೆ ನಮ್ಮೂರಲ್ಲಿ ಯಾಕ್ ಮಗಾ ಊಟ ತಡ ಆಗ್ಬೇಕು?"

ಉತ್ತರ ಹುಡುಕುತ್ತಾ ಹೋದೆ. ಇದು ನಮ್ಮ ಟೀಮಿನ ಕಥೆ ಮಾತ್ರ ಅಲ್ಲ, ನೂರೈವತ್ತು ವರ್ಷದ ಕಥೆ ಅಂತ ಗೊತ್ತಾಯ್ತು.

ಒಂದು ಕಾಲದಲ್ಲಿ ಪ್ರತಿ ಊರಿಗೂ ಅದರದ್ದೇ ಹೊತ್ತಿತ್ತು. ಹೊತ್ತು ನೆತ್ತಿಗೆ ಬಂದರೆ ಮಧ್ಯಾಹ್ನ. ದಿನಕ್ಕೆ ಅರವತ್ತು ಗಳಿಗೆ, ಗಳಿಗೆಗೆ 24 ನಿಮಿಷ. ತಳದಲ್ಲಿ ತೂತಿದ್ದ ಬಟ್ಟಲು ನೀರಲ್ಲಿ ತೇಲಿ ಮುಳುಗಿದರೆ ಒಂದು ಗಳಿಗೆ ಆಯ್ತು ಅಂತ ಲೆಕ್ಕ. ದೇವನಹಳ್ಳಿಯ ಮಧ್ಯಾಹ್ನಕ್ಕೂ ಮದ್ರಾಸಿನ ಮಧ್ಯಾಹ್ನಕ್ಕೂ ಹತ್ತು ನಿಮಿಷ ವ್ಯತ್ಯಾಸ. ಎತ್ತಿನ ಗಾಡಿಯ ಕಾಲದಲ್ಲಿ ಅದರಿಂದ ಯಾರಿಗೂ ತೊಂದರೆ ಇರಲಿಲ್ಲ.

ತೊಂದರೆ ಶುರುವಾಗಿದ್ದು ರೈಲಿನಿಂದ. 1864ರಲ್ಲಿ ಮದ್ರಾಸಿನ ಕಡೆಯಿಂದ ಬೆಂಗಳೂರು ದಂಡಿಗೆ ರೈಲು ಬಂತು. ಒಂದೇ ಹಳಿಯ ಮೇಲೆ ಎರಡು ಊರಿನ ಎರಡು ಹೊತ್ತು ಇಟ್ಟುಕೊಂಡರೆ ಗಾಡಿಗಳು ಗುದ್ದಿಕೊಳ್ಳುತ್ತವೆ. ಹಾಗಾಗಿ 1792ರಿಂದ ಇದ್ದ ಮದ್ರಾಸ್ ವೀಕ್ಷಣಾಲಯದ ಸಮಯವೇ ರೈಲ್ವೆ ಸಮಯ ಆಯ್ತು, ಟೆಲಿಗ್ರಾಫ್ ತಂತಿಯಲ್ಲಿ ದೇಶದ ಉದ್ದಗಲಕ್ಕೂ ಹರಡಿತು. 1884ರಲ್ಲಿ ವಾಷಿಂಗ್ಟನ್‌ನಲ್ಲಿ ಸೇರಿದ ದೇಶಗಳು ಗ್ರೀನಿಚ್ ರೇಖೆಯನ್ನು ಸೊನ್ನೆ ಅಂತ ಒಪ್ಪಿಕೊಂಡವು. 1906ರ ಜನವರಿ 1ರಿಂದ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿರುವ ಇಂಡಿಯನ್ ಸ್ಟ್ಯಾಂಡರ್ಡ್ ಟೈಮ್ ಬಂತು. ನಮ್ಮೂರ ಹೊತ್ತಿಗೂ ಕೈಗಡಿಯಾರಕ್ಕೂ ಇರುವ ಅಂತರ ಹತ್ತೊಂಬತ್ತು ನಿಮಿಷಕ್ಕೆ ಏರಿತು. ಇವತ್ತಿಗೂ ಸರಾಸರಿ ಲೆಕ್ಕದಲ್ಲಿ ದೇವನಹಳ್ಳಿ ಕೋಟೆಯ ಮೇಲೆ ಸೂರ್ಯ ನೆತ್ತಿಗೆ ಬರೋದು 12 ಗಂಟೆ 19 ನಿಮಿಷಕ್ಕೆ.

ಎಲ್ಲರೂ ತೆಪ್ಪಗೆ ಒಪ್ಪಿಕೊಳ್ಳಲಿಲ್ಲ. ಬೊಂಬಾಯಿಯಲ್ಲಿ ಗಿರಣಿ ಕೆಲಸಗಾರರು ವಿರೋಧಿಸಿದರು. ಅಲ್ಲಿ 39 ನಿಮಿಷ ಹಿಂದಿದ್ದ ಬಾಂಬೆ ಟೈಮ್ 1955ರವರೆಗೂ ಉಳಿದುಕೊಂಡಿತ್ತು. ಗಡಿಯಾರ ಮುಂದೆ ಹೋದರೆ ನಿದ್ದೆ ಯಾರದ್ದು ಕಡಿಮೆ ಆಗುತ್ತೆ ಅನ್ನೋದು ಅವರಿಗೆ ಗೊತ್ತಿತ್ತು.

ಈಗ ನಮ್ಮ ಕಾಲಕ್ಕೆ ಬರೋಣ. 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಬೆಂಗಳೂರಿನಲ್ಲಿ ಕೇಂದ್ರ ತೆರೆದು, ಉಪಗ್ರಹದ ಮೂಲಕ ಅಮೆರಿಕಕ್ಕೆ ಕೊಂಡಿ ಹಾಕಿತು. ಆಮೇಲೆ ಬಂದ ಸಾಫ್ಟ್‌ವೇರ್ ಕಂಪನಿಗಳಿಗೆ ಹನ್ನೆರಡು ಚಿಲ್ಲರೆ ಗಂಟೆಯ ಅಂತರ ಒಂದು ವರ. ಅವರು ಸಂಜೆ ಕೆಲಸ ಒಪ್ಪಿಸಿ ಮಲಗಿದರೆ ನಾವು ಹಗಲೆಲ್ಲಾ ಮಾಡಿ ಅವರು ಏಳೋ ಹೊತ್ತಿಗೆ ವಾಪಸ್ ಕಳಿಸ್ತಿದ್ದೆವು. ಏನು ಮಾಡಬೇಕು ಅನ್ನೋದು ಮೊದಲೇ ಕಾಗದದ ಮೇಲೆ ಬರೆದಿರುತ್ತಿತ್ತು, ಆದ್ದರಿಂದ ದಿನಾ ಮಾತಾಡುವ ಅಗತ್ಯ ಇರಲಿಲ್ಲ.

2001ರ ಫೆಬ್ರವರಿಯಲ್ಲಿ ಯೂಟಾದ ಸ್ನೋಬರ್ಡ್ ಎಂಬ ಹಿಮದ ತಾಣದಲ್ಲಿ ಹದಿನೇಳು ಜನ ಸೇರಿ ಅಜೈಲ್ ಪ್ರಣಾಳಿಕೆ ಬರೆದರು. ದಪ್ಪ ದಾಖಲೆಗಿಂತ ಓಡುವ ಸಾಫ್ಟ್‌ವೇರ್ ಮುಖ್ಯ, ಮಾಹಿತಿ ಹಂಚಿಕೊಳ್ಳೋಕೆ ಮುಖಾಮುಖಿ ಮಾತೇ ಉತ್ತಮ ಅಂದರು. ಒಂದೇ ಕೋಣೆಯಲ್ಲಿ ಕೂರುವವರಿಗೆ ಒಳ್ಳೆ ಮಾತು. ಆದರೆ ಬೇಸಿಗೆಯಲ್ಲಿ ಕ್ಯಾಲಿಫೋರ್ನಿಯಾದ ಬೆಳಗಿನ ಒಂಬತ್ತು ನಮ್ಮ ರಾತ್ರಿ ಒಂಬತ್ತೂವರೆ, ಅವರ ಸಂಜೆ ಆರು ನಮ್ಮ ಬೆಳಗ್ಗೆ ಆರೂವರೆ. ಎರಡೂ ಕಡೆಯ ಆಫೀಸ್ ವೇಳೆ ಒಂದು ನಿಮಿಷವೂ ಕೂಡಲ್ಲ. ಕೆಲಸವನ್ನು ಇಲ್ಲಿಗೆ ತಂದ ಅದೇ ಅಂತರ, ಕೆಲಸದ ಪದ್ಧತಿ ಬದಲಾದ ಮೇಲೆ ಹೊರೆಯಾಯ್ತು. ಆ ಹೊರೆ ಎಂದಿನಂತೆ ಒಂದೇ ಕಡೆಗೆ ವಾಲಿತು. ರೈಲಿನ ಕಾಲದಲ್ಲೂ ಹೊಂದಿಕೊಂಡಿದ್ದು ಚಿಕ್ಕ ಊರು ತಾನೇ?

ಅಂತರವನ್ನು ಅಳಿಸೋಕೆ ಆಗಲ್ಲ, ಹಂಚಿಕೊಳ್ಳಬಹುದು. ರೆಟ್ರೋದಲ್ಲಿ ಅಜ್ಜಿಯ ವಿಷಯ ಹೇಳಿದೆ. ಯಾರೂ ಕೆಟ್ಟವರಲ್ಲ, ಅಷ್ಟು ವರ್ಷ ಯಾರೂ ಕೇಳಿರಲಿಲ್ಲ ಅಷ್ಟೆ. ನಾನೂ ಕೇಳಿರಲಿಲ್ಲ. ಈಗ ದಿನದ ಸ್ಟ್ಯಾಂಡ್‌ಅಪ್ ಆಯಾ ಕಡೆಯವರು ತಮ್ಮ ಬೆಳಗ್ಗೆ ಮಾಡ್ತಾರೆ, ಅಡ್ಡಿ ಏನಾದರೂ ಇದ್ದರೆ ಬರೆದಿಡ್ತಾರೆ. ಎಲ್ಲರೂ ಸೇರೋದು ವಾರಕ್ಕೆ ಎರಡು ಸಲ. ಒಂದು ತಿಂಗಳು ಅವರ ಬೆಳಗ್ಗೆ, ಇನ್ನೊಂದು ತಿಂಗಳು ನಮ್ಮ ಬೆಳಗ್ಗೆ ಏಳೂವರೆಗೆ. ಅವರ ತಿಂಗಳಲ್ಲಿ ನಾನು ಎಂಟಕ್ಕೇ ಅಜ್ಜಿ ಜೊತೆ ಮುದ್ದೆ ಮುರಿದು ಲ್ಯಾಪ್‌ಟಾಪ್ ಮುಂದೆ ಕೂರ್ತೀನಿ.

ಮೊನ್ನೆ ಬೆಳಗಿನ ಕಾಲ್‌ನಲ್ಲಿ, ಅವರಿಗೆ ಹಿಂದಿನ ದಿನದ ಸಂಜೆ ಏಳು, ಒಬ್ಬರ ಮೈಕಿನಲ್ಲಿ ತಟ್ಟೆ ಸದ್ದು, ಮಗುವಿನ ಅಳು ಕೇಳಿಸಿತು. "ಸಾರಿ, ಊಟದ ಹೊತ್ತು," ಅಂದರು. ಪಕ್ಕದಲ್ಲೇ ಸೊಪ್ಪು ಬಿಡಿಸುತ್ತಿದ್ದ ಅಜ್ಜಿ ಏನಂತೆ ಅಂತ ಕೇಳಿದಳು. ಹೇಳಿದೆ.

"ಅಯ್ಯೋ ಪಾಪ, ಬೇಗ ಮುಗಿಸು ಮಗಾ," ಅಂದಳು. "ಅವರೂ ಉಣ್ಲಿ."