ಕಾವೇರಿಯ ಅಳಿವೆಯ ಮೀನುಗಾರಿಕೆ ಮತ್ತು ಮೇಲ್ದಂಡೆಯ ಕಟ್ಟೆಗಳು

ಕೊಳ್ಳೇಗಾಲ ತಾಲ್ಲೂಕಿನ ಕುಂತೂರು ಕಡಲಿಗೆ ಬಹು ದೂರದ ಊರು. ಆದರೂ ಆ ಸೀಮೆಯ ಮಳೆಯ ನೀರು ಸುವರ್ಣಾವತಿಯಂತಹ ಹೊಳೆಗಳ ಮೂಲಕ ಕಾವೇರಿಯನ್ನು ಸೇರಿ, ಶಿವನಸಮುದ್ರದಲ್ಲಿ ಧುಮುಕಿ, ಕೊನೆಗೆ ಬಂಗಾಳ ಕೊಲ್ಲಿಯನ್ನು ಮುಟ್ಟತಕ್ಕದ್ದು. ಆಡಳಿತದ ಸಂಬಂಧವೂ ಇಲ್ಲದಿರಲಿಲ್ಲ. ಶ್ರೀರಂಗಪಟ್ಟಣದ ಪತನವಾದ 1799ರಿಂದ ರಾಜ್ಯಗಳ ಪುನರ್ವಿಂಗಡಣೆಯಾದ 1956ರ ವರೆಗೆ ಕೊಳ್ಳೇಗಾಲವೂ ಕಾವೇರಿಯ ಮುಖಜಭೂಮಿಯಾದ ತಂಜಾವೂರೂ ಮದರಾಸಿನ ಒಂದೇ ಸರ್ಕಾರಕ್ಕೆ ಒಳಪಟ್ಟಿದ್ದವು. ಇಷ್ಟಾದರೂ ಈ ನದಿಯ ಇತಿಹಾಸವನ್ನು ನಾವು ಬಹುಮಟ್ಟಿಗೆ ಬೇಸಾಯದ ಇತಿಹಾಸವೆಂದೇ ಬರೆಯುತ್ತ ಬಂದಿದ್ದೇವೆ. ಅಳಿವೆಯಲ್ಲಿ ಬಲೆ ಬೀಸುವವನ ಬಾಳೂ ಅದೇ ನೀರನ್ನು ಅವಲಂಬಿಸಿದೆ ಎಂಬುದನ್ನು ಪರಿಶೀಲಿಸುವುದು ಪ್ರಕೃತ ಲೇಖನದ ಉದ್ದೇಶ.

ಅಳಿವೆಯ ಜನಜೀವನಕ್ಕೆ ಪ್ರಾಚೀನ ಸಾಕ್ಷ್ಯವು ತಮಿಳಿನ ಸಂಗಂ ಸಾಹಿತ್ಯದಲ್ಲಿ ದೊರೆಯುತ್ತದೆ. ಕರಿಕಾಲ ಚೋಳನನ್ನು ಕುರಿತ ‘ಪಟ್ಟಿನಪ್ಪಾಲೈ’ ಕಾವೇರಿಯು ಕಡಲನ್ನು ಕೂಡುವೆಡೆಯ ಪಟ್ಟಣವನ್ನು ವರ್ಣಿಸುತ್ತದೆ. ಅಲ್ಲಿಯ ಪರದವರೆಂಬ ಬೆಸ್ತರು ಹುಣ್ಣಿಮೆಯಂದು ಕಡಲಿಗಿಳಿಯದೆ, ದೊಡ್ಡ ಮೀನಿನ ಕೊಂಬನ್ನು ನೆಟ್ಟು ಪೂಜಿಸುತ್ತಿದ್ದರು. ಬಿಳಿಯ ಉಪ್ಪನ್ನು ಮಾರಿ ಅದಕ್ಕೆ ಪ್ರತಿಯಾಗಿ ನೆಲ್ಲನ್ನು ತುಂಬಿ ತರುವ ದೋಣಿಗಳೂ ಅದರಲ್ಲಿ ಉಕ್ತವಾಗಿವೆ. ಕಡಲ ಉಪ್ಪಿಗೂ ಒಳನಾಡಿನ ಬತ್ತಕ್ಕೂ ವಿನಿಮಯ ನಡೆದಿತ್ತೆಂಬುದು ಗಮನಾರ್ಹ ಸಂಗತಿ.

ಅಳಿವೆಯು ಮೀನುಗಾರನಿಗೆ ಏಕೆ ಫಲವತ್ತಾದ ಕ್ಷೇತ್ರ? ನೆರೆಯ ನೀರು ಮೆಕ್ಕಲನ್ನೂ ಪೋಷಕ ದ್ರವ್ಯಗಳನ್ನೂ ತಂದು ಉಪ್ಪುನೀರಿಗೆ ಬೆರೆಸುತ್ತದೆ. ಕಡಲಲ್ಲಿ ಹುಟ್ಟಿದ ಸೀಗಡಿಯ ಮರಿಗಳು ಈ ಸವುಳು ನೀರಿಗೆ ಬಂದು ಬೆಳೆದು ಮತ್ತೆ ಕಡಲಿಗೆ ಮರಳುತ್ತವೆ. ಹಿಲ್ಸಾ ಮೀನಿನ ಕ್ರಮ ಇದಕ್ಕೆ ವಿಪರೀತವಾದುದು. ತಮಿಳಿನಲ್ಲಿ ಉಳ್ಳಂ, ತೆಲುಗಿನಲ್ಲಿ ಪುಲಸ ಎನಿಸಿಕೊಂಡಿರುವ ಈ ಮೀನು ಕಡಲಲ್ಲಿ ಬಾಳಿ, ನೆರೆಯ ಕಾಲದಲ್ಲಿ ಮೊಟ್ಟೆಯಿಡಲು ನದಿಯನ್ನು ಏರತಕ್ಕದ್ದು. ಶಿವನಸಮುದ್ರದ ಜಲಪಾತ ಅದಕ್ಕೆ ಪ್ರಕೃತಿಯೇ ಕಟ್ಟಿದ ಗೋಡೆ. ಆದರೆ ಕೆಳಗಣ ಬಯಲಿನಲ್ಲಿ ಅದಕ್ಕೆ ಹಾದಿ ತೆರೆದಿತ್ತು.

ಆ ಹಾದಿಗೆ ಅಡ್ಡಿ ಬಂದುದು ಹತ್ತೊಂಬತ್ತನೆಯ ಶತಮಾನದಲ್ಲಿ. ಆರ್ಥರ್ ಕಾಟನ್ನನ ಯೋಜನೆಯಂತೆ 1836ರ ಸುಮಾರಿಗೆ ಕೊಳ್ಳಿಡಂ ಶಾಖೆಗೆ ಮೇಲಣ ಮತ್ತು ಕೆಳಗಣ ಅಣೆಕಟ್ಟುಗಳು ನಿರ್ಮಾಣವಾದವು. ತಂಜಾವೂರಿನ ಬೇಸಾಯಕ್ಕೆ ಇವುಗಳಿಂದಾದ ಉಪಕಾರ ಸುವಿದಿತ. ಆದರೆ ನದಿಗಳ ಅಡ್ಡಗಟ್ಟೆಗಳಿಂದ ಮೀನುಗಾರಿಕೆಗೆ ಹಾನಿಯಾಗಬಹುದೆಂಬ ಪ್ರಶ್ನೆಯನ್ನು 1867ರಲ್ಲಿ ಎತ್ತಿದವನೂ ಅದೇ ಕಾಟನ್. ಅನಂತರ ಈ ವಿಷಯವನ್ನು ಶೋಧಿಸಿದ ಫ್ರಾನ್ಸಿಸ್ ಡೇ 1873ರ ತನ್ನ ವರದಿಗಳಲ್ಲಿ ಕಟ್ಟೆಗಳು ಮೀನಿನ ಸಂಚಾರವನ್ನು ತಡೆಯುವ ಬಗೆಯನ್ನು ವಿವೇಚಿಸಿದನು. ಕಟ್ಟಿದವನೇ ಶಂಕಿಸಿದನೆಂಬುದು ಆ ಕಾಲದ ಪ್ರಾಮಾಣಿಕತೆಗೆ ನಿದರ್ಶನ. ಆದರೂ ಶಂಕೆಯಿಂದ ಕಟ್ಟೆಗಳ ಕಾರ್ಯ ನಿಲ್ಲಲಿಲ್ಲ.

ಇಪ್ಪತ್ತನೆಯ ಶತಮಾನದಲ್ಲಿ ನದಿಯ ಬಂಧನ ಮತ್ತಷ್ಟು ಬಿಗಿಯಾಯಿತು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ತು ಉತ್ಪನ್ನವಾಗತೊಡಗಿತು. ಅದಕ್ಕೆ ವರ್ಷವಿಡೀ ಸಮನಾದ ನೀರು ಬೇಕಾಯಿತು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾಯಿತು. 1924ರಲ್ಲಿ ಮೈಸೂರು ಮತ್ತು ಮದರಾಸುಗಳಿಗೆ ಒಪ್ಪಂದವಾಗಿ, 1934ರಲ್ಲಿ ಮೆಟ್ಟೂರಿನ ಅಣೆಕಟ್ಟು ಪೂರ್ಣಗೊಂಡಿತು. ನೆರೆಯ ನೀರನ್ನು ಹಿಡಿದಿಡುವುದೇ ಇವುಗಳ ಉದ್ದೇಶ. ಹಿಲ್ಸಾ ಮೀನಿಗೆ ಹೊರಡುವ ಸೂಚನೆಯಾದದ್ದೂ ಅದೇ ನೆರೆ. ಕೆಳಗಣ ಅಣೆಕಟ್ಟಿನಲ್ಲಿ ಮೀನುಗಳಿಗಾಗಿ ಏಣಿಯನ್ನು ರಚಿಸಿದರೂ ಪ್ರಯೋಜನವಾಗಲಿಲ್ಲ. ಮೆಟ್ಟೂರಿನ ಅನಂತರ ಕಾವೇರಿಯ ಹಿಲ್ಸಾ ಮೀನುಗಾರಿಕೆ ಕ್ಷಯಿಸಿತು. ಗೋದಾವರಿಯ ಪುಲಸ ಇಂದಿಗೂ ಮನೆಮಾತಾಗಿರುವಾಗ ಕಾವೇರಿಯ ಉಳ್ಳಂ ವಿರಳವಾದ ಹೆಸರಾಗಿರುವುದು ವಿಚಾರಾರ್ಹ.

ನದಿಯ ನೀರು ಕಡಲಿಗೆ ಸೇರಿದರೆ ವ್ಯರ್ಥವೆಂಬ ಭಾವನೆ ಮೇಲ್ದಂಡೆ ಕೆಳದಂಡೆಗಳೆರಡರಲ್ಲಿಯೂ ರೂಢಮೂಲವಾಗಿದೆ. ನೀರಿನ ಪಾಲಿಗಾಗಿ ವಾದಿಸಿದ ರಾಜ್ಯಗಳಲ್ಲಿ ಈ ಒಂದು ಮಾತಿಗೆ ಭಿನ್ನಾಭಿಪ್ರಾಯವಿದ್ದಂತೆ ತೋರುವುದಿಲ್ಲ. ಕಾವೇರಿ ನ್ಯಾಯಾಧಿಕರಣವು 2007ರ ತೀರ್ಪಿನಲ್ಲಿ 740 ಟಿ.ಎಂ.ಸಿ. ಅಡಿ ನೀರನ್ನು ವಿಂಗಡಿಸಿದಾಗ ಪರಿಸರ ರಕ್ಷಣೆಗೆ 10, ಕಡಲಿಗೆ ಅನಿವಾರ್ಯವಾಗಿ ಹರಿದುಹೋಗುವುದೆಂದು 4 ಟಿ.ಎಂ.ಸಿ. ಅಡಿಗಳನ್ನು ಲೆಕ್ಕಕ್ಕೆ ಹಿಡಿಯಿತು. 2018ರಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 270ರಿಂದ 284.75ಕ್ಕೆ ಏರಿಸಿದಾಗಲೂ ಈ ಎರಡು ಅಂಕಿಗಳು ಹಾಗೆಯೇ ಉಳಿದವು. ‘ಅನಿವಾರ್ಯ’ವೆಂಬ ಪದವೇ ದೃಷ್ಟಿಯನ್ನು ಸೂಚಿಸುತ್ತದೆ: ಕಡಲಿಗೆ ಹೋಗುವ ನೀರು ಕೊಟ್ಟ ಪಾಲಲ್ಲ, ತಡೆಯಲಾಗದೆ ಉಳಿದ ಶೇಷ.

ಕಟ್ಟೆಗಳು ಅನಾವಶ್ಯಕವಾಗಿದ್ದವೆಂದು ಇದರಿಂದ ಸಿದ್ಧವಾಗುವುದಿಲ್ಲ. ಕುಂತೂರಿನ ಕಬ್ಬಿನ ಗದ್ದೆಗೂ ತಂಜಾವೂರಿನ ಬತ್ತದ ಗದ್ದೆಗೂ ನೀರು ಬೇಕೇ ಬೇಕು. ಆದರೆ ಆ ನೀರಿಗೆ ಮೂರನೆಯ ಹಕ್ಕುದಾರನೊಬ್ಬನಿದ್ದನು. ಅವನ ಹಕ್ಕನ್ನು ಯಾರೂ ಅಲ್ಲಗಳೆಯಲಿಲ್ಲ, ಲೆಕ್ಕಕ್ಕೂ ತೆಗೆದುಕೊಳ್ಳಲಿಲ್ಲ. ಕಾವೇರಿಯ ಸಮಗ್ರ ಇತಿಹಾಸವನ್ನು ಬರೆಯಹೊರಡುವ ವಿದ್ಯಾರ್ಥಿಯು ತಲಕಾವೇರಿಯಿಂದ ತೊಡಗಿ ಗದ್ದೆಯ ಬದುವಿನಲ್ಲಿಯೇ ನಿಲ್ಲದೆ, ಪೂಂಪುಹಾರಿನ ಮರಳ ದಂಡೆಯ ವರೆಗೂ ಹೋಗಬೇಕಾದುದು ಆವಶ್ಯಕ.